ದ್ರೌಪದಿಯನ್ನು ಕೇಳದ ಕರುಣೆ

ಟಿವಿಯ ವೈಜ್ಞಾನಿಕ ಕಥೆಗಳಲ್ಲಿ ಖಳನಿಗೆ ತೋರಿಸಿದ ಕರುಣೆಯ ಮಾತು ಬಂದರೆ, ಎಲ್ಲರೂ ಮೊದಲು ಹೇಳುವುದು ಖಾನ್‌ನ ಹೆಸರು. 1967ರಲ್ಲಿ ಬಂದ 'ಸ್ಟಾರ್ ಟ್ರೆಕ್'ನ 'ಸ್ಪೇಸ್ ಸೀಡ್' ಕಂತಿನ ಖಾನ್ ನೂನಿಯನ್ ಸಿಂಗ್ ಭಾರತ ಮೂಲದವನಂತೆ. ಪಾತ್ರ ಮಾಡಿದವರು ಮೆಕ್ಸಿಕೋದ ರಿಕಾರ್ಡೊ ಮೊಂಟಲ್ಬಾನ್. ಅವನು ನೌಕೆಯನ್ನೇ ವಶಪಡಿಸಿಕೊಳ್ಳುತ್ತಾನೆ, ಕ್ಯಾಪ್ಟನ್ ಕರ್ಕ್‌ನನ್ನು ಗಾಳಿ ಹೀರುವ ಕೋಣೆಗೆ ತಳ್ಳಿ ಕೊಲ್ಲಲು ನೋಡುತ್ತಾನೆ. ಸಿಕ್ಕಿಬಿದ್ದ ಮೇಲೆ ಕರ್ಕ್ ವಿಚಾರಣೆ ಕರೆಯುತ್ತಾನೆ, ಅಲ್ಲೇ ಆರೋಪಗಳನ್ನೆಲ್ಲ ಕೈಬಿಟ್ಟು ಖಾನ್‌ನನ್ನೂ ಅವನ ಕಡೆಯವರನ್ನೂ ಮನುಷ್ಯರಿಲ್ಲದ ಒಂದು ಗ್ರಹದಲ್ಲಿ ಇಳಿಸಿ ಹೊರಟುಬಿಡುತ್ತಾನೆ. ಈ ಬಿತ್ತನೆಯಿಂದ ಎಂಥ ಬೆಳೆ ಬಂದೀತೆಂದು ನೂರು ವರ್ಷದ ಮೇಲೆ ಬಂದು ನೋಡಬೇಕು ಎಂಬರ್ಥದ ಮಾತನ್ನು ಕರ್ಕ್‌ನ ಸಹ ಅಧಿಕಾರಿ ಸ್ಪಾಕ್ ಆಡುತ್ತಾನೆ.

ಯಾರೂ ಬಂದು ನೋಡಲಿಲ್ಲ. 1982ರ 'ದಿ ರಾತ್ ಆಫ್ ಖಾನ್' ಸಿನಿಮಾದಲ್ಲಿ ತಿಳಿಯುತ್ತದೆ: ಇಳಿಸಿಹೋದ ಆರೇ ತಿಂಗಳಿಗೆ ಪಕ್ಕದ ಗ್ರಹ ಸಿಡಿದು, ಇವರಿದ್ದ ನೆಲ ಮರಳುಗಾಡಾಯಿತು. ಖಾನ್‌ನ ಹೆಂಡತಿಯೂ ಜೊತೆಯ ಹಲವರೂ ಸತ್ತರು. ಅವನ ಸೇಡಿನ ಬೇರು ಇಲ್ಲಿದೆ. ಪಾಂಡವರ ವನವಾಸಕ್ಕೆ 12 ವರ್ಷ, ಅಜ್ಞಾತವಾಸಕ್ಕೆ ಒಂದು ವರ್ಷ ಎಂಬ ಲೆಕ್ಕವಾದರೂ ಇತ್ತು. ಖಾನ್‌ಗೆ ಅವಧಿಯಿಲ್ಲ, ವಿಚಾರಿಸುವವರಿಲ್ಲ, ಮರಳುವ ದಾರಿಯಿಲ್ಲ. ಕರ್ಕ್ ಮಾಡಿದ್ದನ್ನು ದಯೆ ಎಂದು ಹೊಗಳುವವರನ್ನು ನಾನು ಒಪ್ಪಲಾರೆ. ಅವನು ಕಣ್ಣೆದುರಿನ ಕಷ್ಟವನ್ನು ಕಣ್ಣಿಗೆ ಬೀಳದ ಕಡೆ ಬಿಟ್ಟುಬಂದ, ಅಷ್ಟೆ.

ಕುಣಿಗಲ್ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಳನ ಕಷ್ಟವನ್ನು ಎದುರಿಗೇ ಕೂತು ರಾತ್ರಿಯಿಡೀ ಕೇಳುವ ರೂಢಿ ಇಲ್ಲಿದೆ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಯಾವುದಾದರೊಂದು ಊರಲ್ಲಿ 'ಕುರುಕ್ಷೇತ್ರ' ನಾಟಕ ಇದ್ದೇ ಇರುತ್ತದೆ. ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತ ರೈತರು, ಅಂಗಡಿಯವರು, ನೌಕರರು ಪಾತ್ರಕ್ಕಿಷ್ಟು ಎಂದು ಕೈಯಿಂದಲೇ ದುಡ್ಡು ಕಟ್ಟಿ ಬಣ್ಣ ಹಚ್ಚುತ್ತಾರೆ. ದುರ್ಯೋಧನನ ಪಾತ್ರಕ್ಕೆ ಪೈಪೋಟಿ ಜಾಸ್ತಿ. ಅವನ ಹಾಡಿಗೆ ಶಿಳ್ಳೆ, ನೋಟಿನ ಹಾರ, ಒನ್ಸ್‌ಮೋರ್. ಗುಬ್ಬಿ ವೀರಣ್ಣನವರ ಕಂಪನಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು 'ಕುರುಕ್ಷೇತ್ರ' ಆಡಿದ್ದು ಇದೇ ಜಿಲ್ಲೆಯ ಹೆಮ್ಮೆ. ಇನ್ನೂ ಹಿಂದೆ ಹೋದರೆ ಕವಿ ರನ್ನ ಇದ್ದಾನೆ. ಭೀಮನನ್ನು ನಾಯಕನೆಂದು ಸಾರಿಯೂ, ಹೆಣಗಳ ನಡುವೆ ಹೆಜ್ಜೆಯಿಡುತ್ತ ದ್ರೋಣ, ದುಶ್ಶಾಸನ, ಕರ್ಣರಿಗಾಗಿ ಗೋಳಿಡುವ ದುರ್ಯೋಧನನಿಗೆ ಓದುಗರ ಕರುಳನ್ನು ಕೊಟ್ಟವನು. ಅವನ ದುರ್ಯೋಧನ ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಲ್ಲುತ್ತಾನೆ, ಆ ಹುಡುಗನ ಶೌರ್ಯವನ್ನು ಮೆಚ್ಚುತ್ತಾನೆ.

ಇದು ನಮ್ಮ ದೊಡ್ಡ ಸಂಪತ್ತು. ಆದರೆ ಅದರೊಳಗಿನ ಕೊರತೆಯನ್ನೂ ಹೇಳಲೇಬೇಕು. ದುಡ್ಡು ಕಟ್ಟಿದ ಪಾತ್ರಕ್ಕೆ ಹಾಡು ಹೆಚ್ಚುತ್ತದೆ, ಮಾತು ಬೆಳೆಯುತ್ತದೆ. ದ್ರೌಪದಿಯ ಪಾತ್ರಕ್ಕೆ ಸಾಮಾನ್ಯವಾಗಿ ಹೊರಗಿನಿಂದ ಕಲಾವಿದೆಯನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಆಕೆಗೆ ಸಿಗುವ ಹೊತ್ತು ಕಡಿಮೆ. ಹೀಗಾಗಿ ಬೆಳಗಿನ ಜಾವ ದುರ್ಯೋಧನ ತೊಡೆ ಮುರಿದು ಬಿದ್ದಾಗ ಅವನಿಗಾಗಿ ಮರುಗುವ ನಾವು, ಸಭೆಯಲ್ಲಿ ಅವನು ಆಕೆಗೆ ಮಾಡಿದ್ದನ್ನು ಅಷ್ಟರಲ್ಲಿ ಮರೆತಿರುತ್ತೇವೆ. ಆಕೆ ಕ್ಷಮಿಸಿದಳೋ ಇಲ್ಲವೋ ಎಂದು ಯಾರೂ ಕೇಳಿಲ್ಲ. ಆಕೆಯ ಪರವಾಗಿ ನಾವೇ ಕ್ಷಮಿಸಿಬಿಡುತ್ತೇವೆ.

1997ರಲ್ಲಿ ದೂರದರ್ಶನದಲ್ಲಿ ಬಂದ 'ಶಕ್ತಿಮಾನ್' ಇಷ್ಟು ದೂರವೂ ಬರಲಿಲ್ಲ. ಚೋಪ್ರಾ ಅವರ 'ಮಹಾಭಾರತ'ದಲ್ಲಿ ಭೀಷ್ಮನಾಗಿದ್ದ ಮುಕೇಶ್ ಖನ್ನಾ ಇಲ್ಲಿ ನಾಯಕ, ದ್ರೋಣನಾಗಿದ್ದ ಸುರೇಂದ್ರ ಪಾಲ್ ಇಲ್ಲಿ ಖಳ ಕಿಲ್ವಿಷ್. ಧರ್ಮಸಂಕಟದ ಎರಡು ದೊಡ್ಡ ಪಾತ್ರಗಳನ್ನು ನಿಭಾಯಿಸಿದ ನಟರಿಗೆ ಇಲ್ಲಿ ಬರೀ ಬೆಳಕು, ಬರೀ ಕತ್ತಲೆ. ಕತ್ತಲೆಯನ್ನು ವಿಚಾರಣೆ ಮಾಡುವುದೇನಿದೆ, ಓಡಿಸಿದರಾಯಿತು.

ನನಗೆ ಕಂಡಂತೆ, ಖಳನನ್ನು ಕ್ಷಮಿಸಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಸರಿಯಾಗಿ ಎದುರಿಸಿದ್ದು 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್'ನ 1993ರ ಕಂತು 'ಡ್ಯುಯೆಟ್'. ಕಾರ್ಡೇಸಿಯನ್ನರು ಬಜೋರ್ ಗ್ರಹವನ್ನು ಆಕ್ರಮಿಸಿ ಗ್ಯಾಲಿಟೆಪ್ ಎಂಬ ಶ್ರಮಶಿಬಿರದಲ್ಲಿ ಜನರನ್ನು ಕೊಂದಿದ್ದರು. ಆ ಶಿಬಿರದ ಕ್ರೂರ ಅಧಿಕಾರಿ ಸಿಕ್ಕಿಬಿದ್ದನೆಂದು ಎಲ್ಲರೂ ತಿಳಿಯುತ್ತಾರೆ. ಅವನ ವಿಚಾರಣೆ ನಡೆಸುವವಳು ಬಜೋರ್‌ನವಳೇ ಆದ ಕೀರಾ. ಹೋರಾಟಗಾರ್ತಿಯಾಗಿ ಆ ಶಿಬಿರವನ್ನು ಬಿಡಿಸಲು ಹೋದವರಲ್ಲಿ ಒಬ್ಬಳು, ಅಲ್ಲಿನ ಘೋರವನ್ನು ಕಣ್ಣಾರೆ ಕಂಡವಳು. ಕೊನೆಗೆ ತಿಳಿಯುವುದೇ ಬೇರೆ. ಅವನು ಅಧಿಕಾರಿಯಲ್ಲ, ರಾತ್ರಿಯ ಚೀರಾಟ ಕೇಳಲಾರದೆ ಕಿವಿ ಮುಚ್ಚಿಕೊಂಡು ಅಳುತ್ತಿದ್ದ ಗುಮಾಸ್ತ. ತನ್ನ ನಾಡು ತಪ್ಪೊಪ್ಪಿಕೊಳ್ಳಲಿ ಎಂದು, ಅಧಿಕಾರಿಯ ಮುಖವನ್ನೇ ಮಾಡಿಸಿಕೊಂಡು ನೇಣಿಗೇರಲು ಬಂದಿದ್ದಾನೆ. ಕೀರಾ ಅವನನ್ನು ಬಿಡುಗಡೆ ಮಾಡುತ್ತಾಳೆ. ಹೊರಬಂದ ಕೂಡಲೇ ಒಬ್ಬ ಬಜೋರನ್ ಅವನನ್ನು ಇರಿಯುತ್ತಾನೆ. ಕಾರ್ಡೇಸಿಯನ್ ಆಗಿದ್ದೇ ಸಾಕಲ್ಲ ಎಂಬುದು ಅವನ ಸಮರ್ಥನೆ. ಸಾಲದು ಎಂದು ಕೀರಾ ಹೇಳುವಲ್ಲಿಗೆ ಕಂತು ಮುಗಿಯುತ್ತದೆ. ಗಾಯವಾದ ಕಡೆಯವಳೇ ಕೂತು ಕೇಳಿ, ದ್ವೇಷಿಸಿ, ತಿಳಿದು, ಬಿಟ್ಟಿದ್ದಾಳೆ. ಈ ಕರುಣೆಗೆ ತೂಕ ಬಂದದ್ದು ಅದರಿಂದ. ಕರ್ಕ್‌ನ ಉದಾರತೆ ಇದರ ಹತ್ತಿರಕ್ಕೂ ಬರುವುದಿಲ್ಲ.

ಇಂಥ ಹೆಣ್ಣು ನಮ್ಮ ಕಥೆಯಲ್ಲೂ ಇದ್ದಾಳೆ. ತನ್ನ ಐವರು ಮಕ್ಕಳನ್ನು ಮಲಗಿದ್ದಲ್ಲೇ ಕೊಂದ ಅಶ್ವತ್ಥಾಮನನ್ನು ಅರ್ಜುನ ಕಟ್ಟಿ ತಂದು ನಿಲ್ಲಿಸಿದಾಗ, ನನ್ನ ಹಾಗೆ ಅವನ ತಾಯಿ ಅಳುವುದು ಬೇಡ, ಬಿಟ್ಟುಬಿಡಿ ಎನ್ನುತ್ತಾಳೆ ಭಾಗವತದ ದ್ರೌಪದಿ. ಭೀಮ ಕೊಲ್ಲಬೇಕೆನ್ನುತ್ತಾನೆ. ಕೊನೆಗೆ ಅವನ ತಲೆಯ ಮಣಿಯನ್ನು ಕಿತ್ತು ಹೊರಗಟ್ಟುತ್ತಾರೆ. ಪ್ರಾಣ ಉಳಿಯಿತು, ಶಿಕ್ಷೆಯೂ ತಪ್ಪಲಿಲ್ಲ. ನಮ್ಮ ಹಳ್ಳಿ ರಂಗದಲ್ಲಿ ದುರ್ಯೋಧನ ಬಿದ್ದಲ್ಲಿಗೆ ಪರದೆ ಇಳಿಯುವುದೇ ಹೆಚ್ಚು. ಕುಣಿಗಲ್, ಗುಬ್ಬಿ ಸೀಮೆಯ ನಾಟಕದ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ದುರ್ಯೋಧನನ ಒಂದೆರಡು ಹಾಡು ಕಡಿಮೆಯಾದರೂ ಚಿಂತೆಯಿಲ್ಲ, ಮುಂದಿನ ಸುಗ್ಗಿಗೆ ಈ ಒಂದು ದೃಶ್ಯವನ್ನು ಸೇರಿಸಿ, ಅದನ್ನು ದ್ರೌಪದಿಯ ಬಾಯಲ್ಲಿ ಪೂರ್ತಿಯಾಗಿ ಆಡಿಸಿ.