ಬಸರಾಳಿನ ಮಲ್ಲಿಕಾರ್ಜುನ ದೇವಾಲಯ: ಹೊರಗೋಡೆಯ ಕಥನ, ಒಳಾಂಗಣದ ಮೌನ

ಮಂಡ್ಯ ತಾಲ್ಲೂಕಿನ ಬಸರಾಳು ಗ್ರಾಮದಲ್ಲಿರುವ ಮಲ್ಲಿಕಾರ್ಜುನ ದೇವಾಲಯವು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 1234ರಲ್ಲಿ, ಹರಿಹರ ದಣ್ಣಾಯಕನಿಂದ ನಿರ್ಮಾಣವಾಯಿತು. ದಣ್ಣಾಯಕ ಎಂದರೆ ದಂಡನಾಯಕ. ರಾಜಧಾನಿಯಿಂದ ದೂರದ ಊರೊಂದರಲ್ಲಿ ಅಧಿಕಾರಿಯೊಬ್ಬನು ಕಟ್ಟಿಸಿದ ಗುಡಿಯೂ ಅರಸರ ಗುಡಿಗಳಿಗೆ ಸರಿಸಾಟಿಯಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಈ ದೇವಾಲಯದ ಶಿಲ್ಪಗಳಿಗೆ ಸಂದಿರುವ ಮೆಚ್ಚುಗೆ ಯೋಗ್ಯವೇ ಆಗಿದ್ದರೂ, ಇದರ ನಿಜವಾದ ಸಾಧನೆಯು ಮಾತು ತುಂಬಿದ ಹೊರಗೋಡೆಯಿಂದ ಮೌನದ ಗರ್ಭಗೃಹದವರೆಗೆ ಭಕ್ತನನ್ನು ಹಂತಹಂತವಾಗಿ ಕರೆದೊಯ್ಯುವ ಕ್ರಮದಲ್ಲಿದೆ.

ಈ ಕ್ರಮಕ್ಕೆ ಮೊದಲ ಆಧಾರ ಕಲ್ಲು. ಮಳವಳ್ಳಿಯ ಸಮೀಪದ ಮಾರೇಹಳ್ಳಿಯಂಥ ಕಡೆಗಳಲ್ಲಿ ಚೋಳರ ಕಾಲದಿಂದ ಬೆಳೆದುಬಂದ ದ್ರಾವಿಡ ಸಂಪ್ರದಾಯವು ಗಟ್ಟಿಯಾದ ಕಣಶಿಲೆಯನ್ನು ನೆಚ್ಚಿತ್ತು. ಆ ಕಲ್ಲು ಸೂಕ್ಷ್ಮ ಕೆತ್ತನೆಗೆ ಸುಲಭವಾಗಿ ಒಗ್ಗದ ಕಾರಣ ಗೋಡೆಗಳು ಸರಳವಾಗಿ ಉಳಿಯುತ್ತಿದ್ದವು. ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡ ಬಳಪದ ಕಲ್ಲಾದರೋ ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿ ಬಿಸಿಲಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವುದರಿಂದ, ಉಳಿಗೆ ಮಣಿದು ಆಭರಣದ ಕುಸುರಿಯನ್ನೂ ಉಳಿಸಿಕೊಳ್ಳುತ್ತದೆ.

ಹೊರಗೋಡೆಯ ತಳದಲ್ಲಿ ಒಂದರ ಮೇಲೊಂದರಂತೆ ಆರು ಪಟ್ಟಿಕೆಗಳಿವೆ. ಪಟ್ಟಿಕೆ ಎಂದರೆ ಕಟ್ಟಡವನ್ನು ಸುತ್ತುವರಿಯುವ ಕೆತ್ತನೆಯ ಅಡ್ಡಸಾಲು. ಭಾರ ಹೊರುವ ಆನೆಗಳು ಕೆಳಗೂ ಹಗುರವಾದ ಹಂಸಗಳು ಮೇಲೂ ಇದ್ದು, ನಡುವೆ ಪುರಾಣಕಥೆಗಳು ಹರಿಯುತ್ತವೆ. ಅವುಗಳ ಮೇಲಿನ ಭಿತ್ತಿಯಲ್ಲಿ ಅಂಧಕಾಸುರನ ತಲೆಯ ಮೇಲೆ ಕುಣಿಯುವ ಹದಿನಾರು ತೋಳುಗಳ ಶಿವನೂ ಕೈಲಾಸವನ್ನೆತ್ತುವ ರಾವಣನೂ ಮತ್ಸ್ಯಯಂತ್ರ ಭೇದಿಸಿದ ಅರ್ಜುನನಿಗೆ ಮಾಲೆ ಹಾಕಲು ಬರುವ ದ್ರೌಪದಿಯೂ ಕಾಣುತ್ತಾರೆ. ಇವುಗಳನ್ನು ನಿಂತಲ್ಲಿಂದ ನೋಡಿ ಮುಗಿಸಲಾಗದು. ಪ್ರದಕ್ಷಿಣೆ ಬರುವ ಕಾಲೇ ಓದುವ ಕಣ್ಣಿಗೆ ವೇಗವನ್ನು ನಿಗದಿಪಡಿಸುತ್ತದೆ.

ಗೋಡೆಯ ವಿನ್ಯಾಸದಲ್ಲಿ ಒಂದು ಮಿತಿಯೂ ಇದೆ. 1117ರ ಬೇಲೂರು ದೇವಾಲಯದಲ್ಲಿ ಗೋಡೆಯ ನೆತ್ತಿಗೆ ಒಂದೇ ಕಪೋತ, ಅಂದರೆ ಹೊರಚಾಚಿದ ಕಲ್ಲಿನ ಸೂರು ಇದ್ದರೆ, ಬಸರಾಳಿನಲ್ಲಿ ಅದರ ಕೆಳಗೆ ಎರಡನೆಯದೊಂದು ಸುತ್ತುವರಿದು, ಎರಡರ ನಡುವೆ ಕಿರುಗೋಪುರಗಳು ಸಾಲುಗೊಂಡಿವೆ. 1268ರ ಸೋಮನಾಥಪುರದಲ್ಲಿಯೂ ಕಾಣುವ ಈ ಕ್ರಮವು ಬಿಸಿಲಿನಲ್ಲಿ ಎರಡು ನೆರಳಿನ ಗೆರೆಗಳನ್ನೆಳೆದು ಇಡೀ ಗೋಡೆಗೆ ಲಯವನ್ನು ಕೊಡುತ್ತದೆಯಾದರೂ, ಮೂರ್ತಿಗಳಿಗೆ ಉಳಿಯುವ ಎತ್ತರವನ್ನು ಕಡಿಮೆ ಮಾಡುತ್ತದೆ. ಒತ್ತೊತ್ತಾಗಿ ನಿಂತ ವಿಗ್ರಹಗಳ ಸುತ್ತ ಬರಿದಾದ ಕಲ್ಲು ವಿರಳವಾಗಿರುವುದರಿಂದ, ಶಿವತಾಂಡವದಂಥ ಪ್ರಧಾನ ದೃಶ್ಯವೂ ನೆರೆಯ ಅಲಂಕಾರದೊಡನೆ ಸ್ಪರ್ಧಿಸಬೇಕಾಗುತ್ತದೆ.

ಈ ದಟ್ಟಣೆಗೆ ಉತ್ತರ ದೊರೆಯುವುದು ಒಳಗೆ. ನವರಂಗ, ಅಂದರೆ ನಡುವಿನ ನಾಲ್ಕು ಕಂಬಗಳಿಂದ ಒಂಬತ್ತು ಅಂಕಣಗಳಾಗಿ ವಿಭಾಗಗೊಳ್ಳುವ ಮಂಟಪ, ಹೊರಗಿನ ಕಥನವನ್ನು ಮುಂದುವರಿಸದೆ ತಡೆಯುತ್ತದೆ. ತಿರುಗಣೆಯಲ್ಲಿ ಕಡೆದಂತೆ ನುಣುಪಾದ ಕಂಬಗಳ ಮೈಮೇಲೆ ಓದಬೇಕಾದ ಕಥೆಯಿಲ್ಲ. ಬಾಗಿಲಿನಿಂದ ಬಂದ ಬೆಳಕು ಅವುಗಳ ದುಂಡನೆಯ ಅಂಚುಗಳಲ್ಲಿ ಜಾರಿ ಒಳಕ್ಕೆ ಸಾಗಿದಂತೆ ಕ್ಷೀಣಿಸುತ್ತದೆ. ಕುಸುರಿಯು ಇಲ್ಲಿ ಚಾವಣಿಗೆ ಏರಿ ನಿಲ್ಲುವುದರಿಂದ ಕಣ್ಣಿನ ಎತ್ತರವು ಶಾಂತವಾಗಿ ಉಳಿಯುತ್ತದೆ. ಮಂಟಪವನ್ನೂ ಗರ್ಭಗೃಹವನ್ನೂ ಕೂಡಿಸುವ ಕಿರಿದಾದ ಸುಕನಾಸಿಯನ್ನು ದಾಟಿದ ದೃಷ್ಟಿಗೆ ಕೊನೆಗೆ ಸಿಗುವುದು ಕೈಕಾಲು ಮುಖಗಳಿಲ್ಲದ ಲಿಂಗ. ಹೊರಗೆ ಹದಿನಾರು ತೋಳುಗಳಲ್ಲಿ ಪ್ರಕಟಗೊಂಡ ಶಿವನೇ ಇಲ್ಲಿ ಆಕಾರವನ್ನು ಕಳಚಿಕೊಂಡಿದ್ದಾನೆ.

ಹೋಲಿಕೆಗೆ ದೂರದ ವೇಲ್ಸ್ ನಾಡಿನ ಹಳೆಯ ಪ್ರಾರ್ಥನಾಮಂದಿರಗಳನ್ನು ನೆನೆಯಬಹುದು: ವಿಗ್ರಹವನ್ನು ಒಲ್ಲದ ಆ ಪ್ರಾಟೆಸ್ಟೆಂಟ್ ಸಭೆಗಳು ಉಪದೇಶಪೀಠವನ್ನು ಎದುರಿಗಿರಿಸಿ, ಸಾಲು ಆಸನಗಳನ್ನೂ ಮೇಲಂತಸ್ತಿನ ಮೊಗಸಾಲೆಗಳನ್ನೂ ಅದರತ್ತ ತಿರುಗಿಸಿ, ಒಳಾಂಗಣವನ್ನು ಕೇಳುವ ಕಿವಿಗಾಗಿ ರೂಪಿಸಿದವು. ಅಲ್ಲಿ ಬೋಧನೆಯು ಗೋಡೆಯೊಳಗೆ ನಡೆದರೆ, ಬಸರಾಳಿನಲ್ಲಿ ಅದು ಹೊರಗೋಡೆಯ ಮೇಲೆಯೇ ಮುಗಿದಿರುತ್ತದೆ. ಒಳಗೆ ಉಳಿಯುವುದು ದರ್ಶನ ಮಾತ್ರ. ಆದ್ದರಿಂದ ಈ ದೇವಾಲಯವನ್ನು ಹೊರಗಿನ ಶಿಲ್ಪಗಳ ಸಂಗ್ರಹವೆಂದು ನೋಡಿ ಹಿಂದಿರುಗಿದವರಿಗೆ ಇದರ ಅರ್ಧ ಮಾತ್ರ ದಕ್ಕುತ್ತದೆ. ಗೋಡೆಯ ಅತಿಯಾದ ಮಾತಿಗೂ ಅರ್ಥ ಬರುವುದು ಹೊಸ್ತಿಲು ದಾಟಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕಾದು ನಿಂತವರಿಗೆ.