ರಾಡಾಮ್‌ಗೆ ಸಲ್ಲದೆ ಉಳಿದ ಮನ್ನಣೆ

ಚಂದ್ರಯಾನ-1ರ ಹನ್ನೊಂದು ಉಪಕರಣಗಳಲ್ಲಿ ನೀರಿನ ಕುರುಹು ಹಿಡಿದ ಅಮೆರಿಕದ ಎಂ-ಕ್ಯೂಬ್ ಬಗ್ಗೆ ಎಷ್ಟು ಬರೆದರೂ ನಮಗೆ ಸಾಲದು. ಬಲ್ಗೇರಿಯಾದ ವಿಜ್ಞಾನ ಅಕಾಡೆಮಿ ಕೊಟ್ಟ ವಿಕಿರಣಮಾಪಕ ರಾಡಾಮ್‌ಗೆ ಸಿಕ್ಕಿದ್ದು ಪಟ್ಟಿಯಲ್ಲೊಂದು ಸಾಲು. ಇದು ಅನ್ಯಾಯ. 2008ರ ಅಕ್ಟೋಬರ್ 22ರಂದು ನೌಕೆ ಶ್ರೀಹರಿಕೋಟಾದಿಂದ ಏರಿದ ಕೆಲವೇ ಗಂಟೆಗಳಲ್ಲಿ, ಉಳಿದ ಉಪಕರಣಗಳಿಗೆಲ್ಲ ಮೊದಲು ಕೆಲಸ ಶುರು ಮಾಡಿದ್ದು ಅದೇ.

ಅದರೊಳಗೆ ಇರುವುದು 0.3 ಮಿ.ಮೀ. ದಪ್ಪದ ಒಂದೇ ಸಿಲಿಕಾನ್ ಬಿಲ್ಲೆ. ಹಾಯ್ದುಹೋದ ಕಣ ಅಲ್ಲಿ ಬಿಟ್ಟ ಶಕ್ತಿ ವಿದ್ಯುತ್ ಮಿಡಿತವಾಗುತ್ತದೆ. ಮಿಡಿತದ ಎತ್ತರಕ್ಕೆ ತಕ್ಕಂತೆ ಅದು 256 ಖಾನೆಗಳಲ್ಲಿ ಒಂದನ್ನು ಸೇರುತ್ತದೆ. ಶಕ್ತಿಯನ್ನೆಲ್ಲ ಕೂಡಿ ಬಿಲ್ಲೆಯ ದ್ರವ್ಯರಾಶಿಯಿಂದ ಭಾಗಿಸಿದರೆ ಹೀರಿಕೊಂಡ ವಿಕಿರಣದ ಪ್ರಮಾಣ, ಅಂದರೆ ಡೋಸ್ ಸಿಗುತ್ತದೆ. ಒಂದೇ ಬಿಲ್ಲೆಯಿಂದ ಪ್ರೋಟಾನ್ ಯಾವುದು, ಎಲೆಕ್ಟ್ರಾನ್ ಯಾವುದು ಎಂದು ಹೇಳಲಾಗದು ಎಂದು ಮೂಗುಮುರಿಯುವವರು ಇನ್ನೊಂದು ಭಾಗಾಕಾರವನ್ನೂ ಮಾಡಿ ನೋಡಬೇಕು. ಡೋಸನ್ನು ಕಣಗಳ ಎಣಿಕೆಯಿಂದ ಭಾಗಿಸಿದಾಗ ಕಣವೊಂದರ ಪಾಲಿಗೆ ಕಡಿಮೆ ಬಂದರೆ ಬಹುಪಾಲು ಎಲೆಕ್ಟ್ರಾನ್, ಹೆಚ್ಚು ಬಂದರೆ ಪ್ರೋಟಾನ್. ಬಿಡಿ ಕಣದ ಗುರುತು ಇದರಿಂದ ಸಿಗದು, ನಿಜ. ಆದರೆ ಭೂಮಿಯ ವಿಕಿರಣ ಪಟ್ಟಿಗಳನ್ನು ದಾಟುವಾಗ ಪ್ರೋಟಾನ್ ತುಂಬಿದ ಒಳಪಟ್ಟಿ ಎಲ್ಲಿ, ಎಲೆಕ್ಟ್ರಾನ್ ತುಂಬಿದ ಹೊರಪಟ್ಟಿ ಎಲ್ಲಿ ಎಂದು ಬೇರ್ಪಡಿಸಲು ಅಷ್ಟು ಸಾಕಾಯಿತು.

ಚಂದ್ರನ ಬಳಿಯ ಅಳತೆಯಂತೂ ಇನ್ನೂ ಸೊಗಸು. 100 ಕಿ.ಮೀ. ಎತ್ತರದಲ್ಲಿ ಗಂಟೆಗೆ ಸುಮಾರು 9.5 ಮೈಕ್ರೋಗ್ರೇ ಡೋಸ್, ಕಕ್ಷೆಯನ್ನು 200 ಕಿ.ಮೀ.ಗೆ ಏರಿಸಿದ ಮೇಲೆ ಸುಮಾರು 10.7. ಹತ್ತಿರವಿದ್ದಾಗ ಚಂದ್ರ ಆಕಾಶದ ದೊಡ್ಡ ಭಾಗವನ್ನೇ ಮುಚ್ಚಿ ವಿಶ್ವಕಿರಣಗಳನ್ನು ತಡೆಯುತ್ತದೆ, ದೂರ ಸರಿದಂತೆ ಆ ಮರೆ ಕಿರಿದಾಗುತ್ತದೆ. ಅಷ್ಟು ಚಿಕ್ಕ ಬಿಲ್ಲೆ ಆ ವ್ಯತ್ಯಾಸವನ್ನೂ ಹಿಡಿಯಿತು.

ಕೊರತೆಯೊಂದಿದೆ. ಮಿತಿ ಮೀರಿದ ಮಿಡಿತಗಳೆಲ್ಲ ಕೊನೆಯ ಖಾನೆಗೇ ಬೀಳುತ್ತವೆ. ದೇಹಕ್ಕೆ ಅತಿ ಹಾನಿಕರವಾದ ಭಾರ ಅಯಾನುಗಳ ವಿವರ ಕಳೆದುಹೋಗುವುದು ಅಲ್ಲೇ. ಮಂಗಳನಲ್ಲಿಗೆ ಹೋದ ಕ್ಯೂರಿಯಾಸಿಟಿ ರೋವರ್‌ನ ವಿಕಿರಣಮಾಪಕ ರ‍್ಯಾಡ್ ಹಲವು ಪದರ ಜೋಡಿಸಿ, ಕಣ ಹಾಯ್ದಾಗ ಮಿನುಗುವ ಸಿಂಟಿಲೇಟರ್ ಸೇರಿಸಿ ಈ ಕೊರತೆ ನೀಗಿಸಿಕೊಂಡಿತು. ಅದಕ್ಕೆ ತೆತ್ತ ಬೆಲೆ ಒಂದೂವರೆ ಕಿಲೋ ತೂಕ.

ಆದರೆ ನಮ್ಮಲ್ಲಿ ರಾಡಾಮ್ ಹಿಂದೆ ಬಿದ್ದದ್ದಕ್ಕೆ ಈ ಕೊರತೆ ಕಾರಣವಲ್ಲ. 'ಪರದೇಶದ್ದು, ನಮ್ಮ ಸಾಧನೆಯಲ್ಲ' ಎನ್ನುತ್ತಾರೆ. ಹಾಗಾದರೆ ಎಂ-ಕ್ಯೂಬ್ ಯಾರದು? ಅದೂ ಪರದೇಶದ್ದೇ, ನೀರಿನ ಸುದ್ದಿ ಬಂದಾಗ ಅದನ್ನು ನಮ್ಮದೆಂದು ಎದೆಗವಚಿಕೊಂಡೆವು. ಎರಡರ ದತ್ತಾಂಶವೂ ಬೆಂಗಳೂರಿನ ಹೊರಗಿನ ಬ್ಯಾಲಾಳುವಿನ ಆಂಟೆನಾ ಕೇಂದ್ರಕ್ಕೇ ಬಂದಿಳಿಯಿತು. ಉಪಕರಣದ ಬೆಲೆಯನ್ನು ಶೀರ್ಷಿಕೆಗಳ ಲೆಕ್ಕದಲ್ಲಿ ಕಟ್ಟುವ ಅಭ್ಯಾಸವೇ ಇದರ ಬೇರು. ಗಗನಯಾನದಲ್ಲಿ ಮನುಷ್ಯರನ್ನೇ ಕಳಿಸಲು ಹೊರಟವರು ರಾಡಾಮ್‌ನ ಆ ಕೊನೆಯ ಖಾನೆಯಿಂದಲೇ ಓದು ಶುರುಮಾಡಬೇಕು.