ಮೊದಲ ಸಾಲಿನಲ್ಲಿ ಯಾವ ಸೀರೆ?

ಆನ್‌ಲೈನ್ ಅಂಗಡಿಯಲ್ಲಿ ‘ಇಳಕಲ್ ಸೀರೆ’ ಎಂದು ಹುಡುಕಿದರೆ ಫೋನಿನ ಪರದೆಯಲ್ಲಿ ಮೊದಲು ಕಾಣುವುದು ನಾಲ್ಕೋ ಐದೋ ಸೀರೆ. ಆ ನಾಲ್ಕೈದು ಯಾವುವು ಎಂಬುದನ್ನು ದೊಡ್ಡ ತಾಣಗಳಲ್ಲಿ ಮಷಿನ್ ಲರ್ನಿಂಗ್ ಮಾದರಿಗಳು ತೀರ್ಮಾನಿಸುತ್ತವೆ. ನೀವು ಹಿಂದೆ ಏನು ಕೊಂಡಿರಿ, ಯಾವ ಚಿತ್ರ ಒತ್ತಿದಿರಿ, ಎಷ್ಟು ಬೆಲೆಯ ತನಕ ಹೋಗುತ್ತೀರಿ, ಯಾವ ಊರಿಗೆ ಪಾರ್ಸೆಲ್ ಹೋಗಬೇಕು ಎಂಬಂಥವೆಲ್ಲ ಲೆಕ್ಕಕ್ಕೆ ಬರುತ್ತವೆ. ಪಕ್ಕದ ಮನೆಯವರು ಅದೇ ಪದ ಹಾಕಿ ಹುಡುಕಿದರೆ ಬೇರೆ ಸೀರೆಗಳು ಬರಬಹುದು. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು ಜೋಡಿಸುವ ಈ ಪದ್ಧತಿಯನ್ನು ಎಂಜಿನಿಯರಿಂಗ್ ಸಾಧನೆ ಎಂದು ಹೊಗಳುವವರಿದ್ದಾರೆ, ಗ್ರಾಹಕರ ಮೇಲಿನ ಗೂಢಚರ್ಯೆ ಎಂದು ಬೈಯುವವರಿದ್ದಾರೆ. ನನ್ನ ಆಕ್ಷೇಪ ಬೇರೆ ಕಡೆ ಇದೆ: ಈ ಪದ್ಧತಿ ಯಾವುದನ್ನು ಗೆಲುವು ಎಂದು ಎಣಿಸುತ್ತದೆ ಎಂಬುದರಲ್ಲಿ.

ಸಾಧನೆ ಸಣ್ಣದಲ್ಲ. ಕೋಟಿಗಟ್ಟಲೆ ಸರಕಿನಿಂದ ಹುಡುಕಾಟಕ್ಕೆ ಹೊಂದುವ ಕೆಲವು ನೂರನ್ನು ಮೊದಲು ಆರಿಸಿ, ಆಮೇಲೆ ಒಂದೊಂದಕ್ಕೂ ‘ಇವರು ಇದನ್ನು ಒತ್ತುತ್ತಾರೆಯೇ, ಕೊಳ್ಳುತ್ತಾರೆಯೇ’ ಎಂದು ಅಂಕ ಕೊಡುವ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅಮೆಜಾನಿನ ಮೂವರು ಎಂಜಿನಿಯರುಗಳು 2003ರಲ್ಲಿ ಪ್ರಕಟಿಸಿದ ಲೇಖನದ ಉಪಾಯ ಇವತ್ತಿಗೂ ಚೆಂದ ಅನ್ನಿಸುತ್ತದೆ. ಒಬ್ಬ ಗ್ರಾಹಕನಂಥ ಇನ್ನೊಬ್ಬನನ್ನು ಹುಡುಕುತ್ತ ಕೂರುವ ಬದಲು, ಒಟ್ಟಿಗೆ ಕೊಳ್ಳಲಾದ ವಸ್ತುಗಳ ನಂಟನ್ನು ಅವರು ಮೊದಲೇ ಲೆಕ್ಕ ಹಾಕಿಟ್ಟರು. ಗ್ರಾಹಕರು ಎಷ್ಟೇ ಹೆಚ್ಚಿದರೂ ಲೆಕ್ಕ ಹೆಣಗಲಿಲ್ಲ. ಹತ್ತು ಪುಟ ಸರಿಸದೆ ತಮ್ಮ ಅಳತೆಯ ಚಪ್ಪಲಿ ಸಿಕ್ಕವರು ಇಂಥ ಲೆಕ್ಕಗಳ ಫಲಾನುಭವಿಗಳೇ.

ತೊಡಕು ಶುರುವಾಗುವುದು ಮಾದರಿ ಪಾಠ ಕಲಿಯುವ ಜಾಗದಲ್ಲಿ. ಅದಕ್ಕೆ ಪಠ್ಯವೆಂದರೆ ಜನ ಒತ್ತಿದ್ದು, ಕೊಂಡದ್ದು. ಆದರೆ ಜನ ಒತ್ತುವುದು ಕಣ್ಣಿಗೆ ಬಿದ್ದದ್ದನ್ನು, ಕಣ್ಣಿಗೆ ಬೀಳುವುದು ಮೇಲಿಟ್ಟದ್ದು. ಮೇಲಿದ್ದುದರಿಂದ ಒತ್ತಿದರು, ಒತ್ತಿದ್ದರಿಂದ ಅದು ನಾಳೆಯೂ ಮೇಲೆ. ಈ ಸುಳಿ ಸಂಶೋಧಕರಿಗೆ ಗೊತ್ತಿಲ್ಲದ್ದಲ್ಲ. ಕೆಳಗಿದ್ದೂ ಒತ್ತಿಸಿಕೊಂಡ ವಸ್ತುವಿಗೆ ಹೆಚ್ಚು ತೂಕ ಕೊಡುವುದು, ಕೆಲವರಿಗೆ ಬೇಕೆಂದೇ ಕ್ರಮ ಕಲಸಿ ತೋರಿಸಿ ನೋಡುವುದು, ಹೀಗೆ ಪರಿಹಾರಗಳಿವೆ. ಕಲಸಿ ತೋರಿಸಿದ ಹೊತ್ತಿನಲ್ಲಿ ಒಂದಿಷ್ಟು ಮಾರಾಟ ಕೈತಪ್ಪಬಹುದು. ಆ ನಷ್ಟ ಎಷ್ಟರಮಟ್ಟಿಗೆ ಒಪ್ಪಿಗೆ ಎಂದು ಹೇಳಬೇಕಾದದ್ದು ಅಂಗಡಿಯ ಮಾಲೀಕರು. ಗಣಿತ ಅದನ್ನು ಹೇಳುವುದಿಲ್ಲ.

ಇಳಕಲ್ ಸೀರೆಯನ್ನೇ ಹತ್ತಿರದಿಂದ ನೋಡಿ. ಸಾಂಪ್ರದಾಯಿಕ ಕೈಮಗ್ಗದ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ಒಡಲು ಹತ್ತಿಯದಾದರೂ ಕೆಂಪು ಸೆರಗು ರೇಷ್ಮೆಯದಾಗಿರಲು ಸಾಧ್ಯವಾಗುವುದು ಈ ಜೋಡಣೆಯಿಂದ. ಕೊಂಡಿ ಹಾಕುವ ಸೀರೆಗೆ ಹಾಸನ್ನು ಒಂದೊಂದು ಸೀರೆಗೇ ಸಿದ್ಧ ಮಾಡಬೇಕು, ಉದ್ದಕ್ಕೆ ನೇಯ್ದು ಕತ್ತರಿಸಲಾಗದು. ಹಾಗಾಗಿ ಒಂದೇ ಬಣ್ಣದ ನೂರು ಸೀರೆ ನೇಕಾರರ ಬಳಿ ಇರುವುದಿಲ್ಲ. ಇದ್ದ ಒಂದೆರಡು ಮಾರಾಟವಾದರೆ ಆ ಪುಟವೇ ಮುಗಿಯಿತು, ಅದು ಗಳಿಸಿದ ಒತ್ತುಗಳೂ ರೇಟಿಂಗೂ ಅದರೊಂದಿಗೇ ಹೋದವು. ಮುಂದಿನ ಸೀರೆ ಮತ್ತೆ ಸೊನ್ನೆಯಿಂದ ಶುರು. ಅದೇ ಅಂಚಿನ ವಿನ್ಯಾಸ ಅಚ್ಚೊತ್ತಿದ ಪಾಲಿಯೆಸ್ಟರ್ ಸೀರೆ ಸಾವಿರ ಪ್ರತಿಗಳಲ್ಲಿ ಒಂದೇ ಪುಟದಡಿ ಮಾರಾಟವಾಗುತ್ತದೆ, ಸಾವಿರ ಜನರ ಅಂಕವನ್ನು ಒಂದೇ ಜಾಗದಲ್ಲಿ ಗುಡ್ಡೆ ಹಾಕುತ್ತದೆ. ಒತ್ತುಗಳನ್ನೇ ನಂಬುವ ಮಾದರಿಗೆ ಯಾವುದು ಒಳ್ಳೆಯ ಇಳಕಲ್ ಸೀರೆಯಾಗಿ ಕಾಣುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇದು ಬಗೆಹರಿಯದ ಸಮಸ್ಯೆ ಎಂದು ಯಾರಾದರೂ ಅಂದರೆ ಅವರಿಗೆ ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ತಾಣವಾದ ಏರ್‌ಬಿಎನ್‌ಬಿಯ ಎಂಜಿನಿಯರುಗಳು 2018ರಲ್ಲಿ ಪ್ರಕಟಿಸಿದ ಪ್ರಬಂಧ ತೋರಿಸಬೇಕು. ಬಾಡಿಗೆಗಿಡುವ ಮನೆಯೂ ಕೈಮಗ್ಗದ ಸೀರೆಯ ಹಾಗೆ, ಒಂದರಂತೆ ಇನ್ನೊಂದಿಲ್ಲ. ಒಬ್ಬ ಪ್ರವಾಸಿ ಕೊಠಡಿ ಕಾದಿರಿಸುವುದೂ ಅಪರೂಪಕ್ಕೆ. ಅವರು 80 ಕೋಟಿ ಹುಡುಕಾಟದ ಸರಣಿಗಳಿಂದ ಕಲಿತರೂ ಕಾದಿರಿಸುವಿಕೆಯ ಪಾಠವನ್ನು ಒಂದೊಂದು ಮನೆಗೆ ಕಟ್ಟಲಿಲ್ಲ, ಮನೆಯ ಬಗೆಗೆ ಕಟ್ಟಿದರು. ಹೊಸದಾಗಿ ಸೇರಿದ ಮನೆಗೆ ಹತ್ತು ಮೈಲಿಯೊಳಗಿನ, ಅದೇ ಬಗೆಯ, ಅದೇ ಬೆಲೆಯ ಮೂರು ಮನೆಗಳ ಸರಾಸರಿಯನ್ನು ಆರಂಭದ ಬಂಡವಾಳವಾಗಿ ಕೊಟ್ಟರು. ಕೊಂಡಿ ಹಾಕಿದ ಕೈಮಗ್ಗದ ಸೀರೆಯನ್ನು ಒಂದು ಬಗೆಯೆಂದು ಗುರುತಿಸಿ, ಒಂದರ ಮೆಚ್ಚುಗೆ ಇನ್ನೊಂದಕ್ಕೂ ಸಲ್ಲುವಂತೆ ಮಾಡಲು ಇದೇ ದಾರಿ ಸಾಕು. ಅದಕ್ಕೆ ಮೊದಲು ಕೈಮಗ್ಗ, ಪವರ್‌ಲೂಮ್, ಪಾಲಿಯೆಸ್ಟರ್ ಇವನ್ನು ಪರಿಶೀಲಿಸಿ ಬೇರ್ಪಡಿಸಬೇಕು. ಆ ಕೆಲಸಕ್ಕೆ ಸೀರೆ ಬಲ್ಲ ಮನುಷ್ಯರೇ ಬೇಕು.

ಇನ್ನು ‘ನಿಮಗಾಗಿ’ ಎಂಬ ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಒಂದೇ ಖಾತೆಯಿಂದ ಅಜ್ಜಿಗೆ ಮೊಣಕಾಲು ಪಟ್ಟಿ, ಮಗನಿಗೆ ಕ್ರಿಕೆಟ್ ಬ್ಯಾಟು, ಸೊಸೆಗೆ ಕುಪ್ಪಸದ ಬಟ್ಟೆ ತರಿಸುತ್ತಾರೆ. ಮಾದರಿ ನೋಡುವುದು ಖಾತೆಯನ್ನು. ಅಗ್ಗದ್ದನ್ನೇ ಕೊಳ್ಳುತ್ತ ಬಂದ ಖಾತೆಯಿಂದ ಮಗಳ ಮದುವೆಗೆಂದು ಒಳ್ಳೆಯ ಸೀರೆ ಹುಡುಕುವ ತಾಯಿಗೆ ಹಳೆಯ ಬೆಲೆಯೇ ಬೇಲಿಯಾದರೆ ಅದನ್ನು ಅಭಿರುಚಿಯ ಗೌರವ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಮೇಲಿನ ಜಾಗ ಅಷ್ಟು ಬೆಲೆಬಾಳುವುದರಿಂದಲೇ ಅದು ಮಾರಾಟಕ್ಕೂ ಇದೆ, ಜಗಳಕ್ಕೂ ಕಾರಣವಾಗಿದೆ. ಹಣ ಕೊಟ್ಟು ಮೇಲೆ ಬಂದ ವಸ್ತುವಿನ ಪಕ್ಕದಲ್ಲಿ ‘ಪ್ರಾಯೋಜಿತ’ ಎಂಬ ಸಣ್ಣ ಅಕ್ಷರ ಇರುತ್ತದೆ. ಅವಸರದಲ್ಲಿರುವವರ ಕಣ್ಣಿಗೆ ಅದು ಬೀಳುವುದು ಕಷ್ಟ. ಕೆಲವು ಮಾರಾಟಗಾರರಿಗೆ ಪಟ್ಟಿಯಲ್ಲಿ ಆದ್ಯತೆ ಸಿಗುತ್ತಿದೆಯೆಂಬ ಆರೋಪವೂ ಸೇರಿದಂತೆ ಹಲವು ದೂರುಗಳ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಅದನ್ನು ತಡೆಯಬೇಕೆಂಬ ಎರಡೂ ಕಂಪನಿಗಳ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಜೂನ್‌ನಲ್ಲಿ ತಳ್ಳಿಹಾಕಿತು. ಅದೇ 2020ರ ಗ್ರಾಹಕ ರಕ್ಷಣೆಯ ಇ-ವಾಣಿಜ್ಯ ನಿಯಮಗಳು, ಸರಕಿನ ಕ್ರಮವನ್ನು ನಿರ್ಧರಿಸುವ ಮುಖ್ಯ ಅಂಶಗಳನ್ನೂ ಅವುಗಳ ತೂಕವನ್ನೂ ಸರಳ ಭಾಷೆಯಲ್ಲಿ, ಸುಲಭವಾಗಿ ಕಾಣುವಂತೆ ತಿಳಿಸಬೇಕೆಂದು ಮಾರಾಟ ತಾಣಗಳಿಗೆ ಹೇಳುತ್ತವೆ.

ನಿಯಮ ಒಳ್ಳೆಯದೇ, ಆದರೆ ಅರ್ಧದಾರಿಯಲ್ಲಿ ನಿಂತಿದೆ. ಎಲ್ಲರಿಗೂ ಅನ್ವಯಿಸುವ ಒಂದು ವಿವರಣೆಯನ್ನು ಅದು ಕೇಳುತ್ತದೆ, ಸಾಲು ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಈ ಸೀರೆ ನನಗೇ ಯಾಕೆ ಮೇಲೆ ಬಂತು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆ ಅತಿ ದೊಡ್ಡ ತಾಣಗಳ ಮೇಲೆ ಇನ್ನೊಂದು ಹೊಣೆ ಹೊರಿಸಿದೆ: ಗ್ರಾಹಕರ ವೈಯಕ್ತಿಕ ಜಾತಕ ನೋಡದೆ ಜೋಡಿಸಿದ ಸಾಲೊಂದನ್ನು ಆಯ್ಕೆಯಾಗಿ ಕೊಡಲೇಬೇಕು. ಅಂಥದೊಂದು ಗುಂಡಿ ಇಲ್ಲಿನ ಪರದೆಗೂ ಬೇಕು. ಕನ್ನಡದಲ್ಲಿ ಬರೆದು, ಹುಡುಕುವ ಪೆಟ್ಟಿಗೆಯ ಪಕ್ಕದಲ್ಲೇ ಇಡಬೇಕು, ಸೆಟ್ಟಿಂಗ್ಸಿನ ನಾಲ್ಕನೆಯ ಪುಟದಲ್ಲಲ್ಲ.